ಎರೆಮಣ್ಣಿನಲ್ಲಿ ನಾಲ್ಕು ಚಕ್ರಗಳ ಎಳೆತ

ನೆಲವು ಸ್ಥಿರವಾದುದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಸೀಮೆಗಳ ಎರೆಹೊಲವನ್ನು ಬಲ್ಲವರು ಈ ಮಾತನ್ನು ಒಪ್ಪಲಾರರು. ವೈಶಾಖದಲ್ಲಿ ಕೈ ತೂರುವಷ್ಟು ಬಿರುಕುಬಿಟ್ಟು ಕಲ್ಲಿನಂತೆ ಗಟ್ಟಿಯಾಗಿರುವ ಆ ನೆಲವೇ ಭಾದ್ರಪದದ ಮಳೆ ಬಿದ್ದೊಡನೆ ಅಂಟಿನ ಮುದ್ದೆಯಾಗಿ, ಚಕ್ಕಡಿಯ ಗಾಲಿಯನ್ನೂ ಟ್ರ್ಯಾಕ್ಟರಿನ ಟೈರನ್ನೂ ಏಕಪ್ರಕಾರವಾಗಿ ಹಿಡಿದು ನಿಲ್ಲಿಸುತ್ತದೆ. ಇಂಥ ನೆಲದಲ್ಲಿ ಹೊರೆಯನ್ನು ಎಳೆದು ಸಾಗುವ ಬಗೆ ಹೇಗೆ? ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಶಕ್ತಿಯನ್ನು ಹಂಚುವ ವಾಹನವು ಇಲ್ಲಿ ಯಾವ ಮಟ್ಟಿಗೆ ನೆರವಾಗಬಲ್ಲದು? ಈ ಪ್ರಶ್ನೆಗಳನ್ನು ವಿಚಾರಿಸೋಣ.

ಮೊದಲು ಮಣ್ಣಿನ ಸ್ವಭಾವವನ್ನು ತಿಳಿಯಬೇಕು. ದಖನ್ ಪ್ರಸ್ಥಭೂಮಿಯ ಕಪ್ಪು ಅಗ್ನಿಶಿಲೆಯು ಬಹುಕಾಲ ಶಿಥಿಲವಾಗಿ ಆದದ್ದು ಈ ಎರೆಮಣ್ಣು. ಮಾಂಟ್‌ಮೊರಿಲೊನೈಟ್ ಎಂಬ ಜೇಡಿಖನಿಜ ಇದರಲ್ಲಿ ವಿಶೇಷವಾಗಿದೆ. ಈ ಖನಿಜದ ಕಣಗಳು ಅತಿ ತೆಳುವಾದ ಹಾಳೆಗಳ ಕಟ್ಟುಗಳಂತೆ ಇರುತ್ತವೆ. ಹಾಳೆಗಳ ನಡುವೆ ನೀರು ಹೊಕ್ಕಾಗ ಅವು ದೂರ ಸರಿಯುತ್ತವೆ, ಮಣ್ಣು ಉಬ್ಬುತ್ತದೆ; ನೀರು ಆರಿದಾಗ ಕುಗ್ಗಿ ಸೀಳುತ್ತದೆ. ತೊಯ್ದ ಜೇಡಿಯ ಪದರವು ಇನ್ನೊಂದು ಪದರದ ಮೇಲೆ ಸುಲಭವಾಗಿ ಜಾರುವುದರಿಂದ ಚಕ್ರಕ್ಕೆ ಹಿಡಿತ ಸಿಗುವುದಿಲ್ಲ. ಅದೇ ಜೇಡಿ ಟೈರಿನ ಗೀರುಗಳಲ್ಲಿ ತುಂಬಿಕೊಂಡು ಅದನ್ನು ನುಣ್ಣಗೆ ಮಾಡಿಬಿಡುತ್ತದೆ.

ಈ ಸೀಮೆಯಲ್ಲಿ ಈ ವಿಚಾರವು ಕೇವಲ ಕುತೂಹಲದ್ದಲ್ಲ. ನಾರಾಯಣಪುರ ಎಡದಂಡೆಯಿಂದ ಬರುವ ಇಂಡಿ ಶಾಖಾ ಕಾಲುವೆ ಹಾಗೂ ಆಲಮಟ್ಟಿಯ ನೀರನ್ನು ಎತ್ತಿ ಹರಿಸುವ ಮುಳವಾಡ ಯೋಜನೆಗಳಿಂದ, ಹಿಂದೆ ಜೋಳವನ್ನಷ್ಟೇ ಬೆಳೆಯುತ್ತಿದ್ದ ಅನೇಕ ಹೊಲಗಳಿಗೆ ಕಬ್ಬು ಬಂದಿದೆ. ನೀರುಂಡ ಎರೆಹೊಲವು ಮಳೆಗಾಲ ಕಳೆದ ಮೇಲೂ ಹಸಿಯಾಗಿರುತ್ತದೆ. ಕಡಿದ ಕಬ್ಬಾದರೋ ಕಾಯಲಾರದು. ತಡವಾದಷ್ಟೂ ಅದರ ತೂಕ ಇಳಿಯುತ್ತದೆ, ಸಕ್ಕರೆಯ ಅಂಶ ಕೆಡುತ್ತದೆ. ಹೊಲದಲ್ಲಿ ಸಿಕ್ಕಿಬಿದ್ದ ಟ್ರೇಲರು ರೈತನ ವರ್ಷದ ದುಡಿಮೆಯನ್ನೇ ತಿನ್ನುತ್ತದೆ. ಅವಸರದಲ್ಲಿ ಅದನ್ನು ಎಳೆಯಹೋಗಿ ಪ್ರಾಣ ಕಳೆದುಕೊಳ್ಳುವ ಅಪಾಯವೂ ಉಂಟು.

ಹಿಂದಿನವರು ಚಕ್ಕಡಿ ಹೂತರೆ ಮುಂದೆ ಇನ್ನೊಂದು ಜೋಡಿ ಎತ್ತುಗಳನ್ನು ಹೂಡುತ್ತಿದ್ದರು. ಎಳೆತವೆಂಬುದು ಕೇವಲ ಶಕ್ತಿಯ ಮಾತಲ್ಲ, ನೆಲವನ್ನು ಊರಿ ತಳ್ಳುವ ಕಾಲುಗಳ ಮಾತು ಎಂಬ ತತ್ತ್ವ ಅದರಲ್ಲಿ ಅಡಗಿತ್ತು. ಎಂಜಿನ್ನಿಗೆ ಎಷ್ಟೇ ಅಶ್ವಶಕ್ತಿಯಿದ್ದರೂ ನೆಲವನ್ನು ತಳ್ಳುವುದು ಚಕ್ರವೇ. ಚಕ್ರವು ತಳ್ಳಬಲ್ಲ ಗರಿಷ್ಠ ಬಲವು ಎರಡು ಸಂಗತಿಗಳನ್ನು ಅವಲಂಬಿಸಿದೆ: ಆ ಚಕ್ರದ ಮೇಲಿನ ಭಾರ ಮತ್ತು ನೆಲದ ಹಿಡಿತ.

ಒಂದು ಲೆಕ್ಕವನ್ನು ಮಾಡಿನೋಡೋಣ. ಟ್ರ್ಯಾಕ್ಟರಿನ ತೂಕ ೨,೧೦೦ ಕಿಲೋಗ್ರಾಂ ಎನ್ನೋಣ. ಅದರ ಮೂರನೆಯ ಎರಡು ಪಾಲು, ಎಂದರೆ ೧,೪೦೦ ಕಿಲೋಗ್ರಾಂ, ಹಿಂದಿನ ಚಕ್ರಗಳ ಮೇಲಿದೆ. ಹಸಿ ಎರೆಯಲ್ಲಿ ಹಿಡಿತವು ಭಾರದ ಕಾಲುಭಾಗ ಎಂದು ತೆಗೆದುಕೊಂಡರೆ, ಹಿಂದಿನ ಚಕ್ರಗಳು ಮಾತ್ರ ತಿರುಗುವ ಟ್ರ್ಯಾಕ್ಟರು ೩೫೦ ಕಿಲೋಗ್ರಾಂ ಬಲದಿಂದ ತಳ್ಳಬಲ್ಲದು. ನಾಲ್ಕೂ ಚಕ್ರಗಳು ದುಡಿದರೆ ಇಡೀ ತೂಕವು ಉಪಯೋಗಕ್ಕೆ ಬಂದು ೫೨೫ ಕಿಲೋಗ್ರಾಂ ಬಲ ದೊರೆಯುತ್ತದೆ. ಹಿಂದೆ ೪,೦೦೦ ಕಿಲೋಗ್ರಾಂ ತೂಗುವ ಟ್ರೇಲರು ಇದೆಯೆನ್ನೋಣ. ಮೆತ್ತನೆಯ ನೆಲವು ಉರುಳುವ ಚಕ್ರಗಳಿಗೆ ಒಡ್ಡುವ ತಡೆ ತೂಕದ ನೂರಕ್ಕೆ ೮ ಆದರೆ, ಟ್ರ್ಯಾಕ್ಟರು ಮತ್ತು ಟ್ರೇಲರು ಕೂಡಿ ೪೮೮ ಕಿಲೋಗ್ರಾಂ ಬಲ ಬೇಕು. ಎರಡು ಚಕ್ರಗಳ ಎಳೆತವು ಇಲ್ಲಿ ಸೋಲುತ್ತದೆ, ನಾಲ್ಕರದು ಗೆಲ್ಲುತ್ತದೆ.

ಆದರೆ ಈ ಗೆಲುವು ಅಲ್ಪವಾದುದೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ದಾರಿಯು ೨೫ ಮೀಟರಿಗೆ ೧ ಮೀಟರಿನಂತೆ ಏರಿದರೆ ತೂಕದ ನೂರಕ್ಕೆ ೪ರಷ್ಟು ಬಲ ಹೆಚ್ಚಾಗಿ ಬೇಕಾಗುತ್ತದೆ; ಒಟ್ಟು ೭೩೨ ಕಿಲೋಗ್ರಾಂ. ಆಗ ನಾಲ್ಕು ಚಕ್ರಗಳೂ ಸುಮ್ಮನೆ ತಿರುಗಿ ನೆಲವನ್ನು ತೋಡುತ್ತವೆ. ಟ್ರೇಲರಿನ ಭಾರವನ್ನು ೨,೦೦೦ ಕಿಲೋಗ್ರಾಂಗೆ ಇಳಿಸಿದರೆ ೪೯೨ ಕಿಲೋಗ್ರಾಂ ಬಲ ಸಾಕು. ಒಂದು ಖೇಪಿನ ಬದಲು ಎರಡು ಖೇಪು ಮಾಡುವುದು ಹೇಡಿತನವಲ್ಲ, ಗಣಿತ.

ಶಕ್ತಿಯು ನಾಲ್ಕು ಚಕ್ರಗಳಿಗೆ ಹೋಗುವ ಕ್ರಮವೇನು? ಹಾಲೆಂಡಿನ ಸ್ಪೈಕರ್ ಸಂಸ್ಥೆಯು ೧೯೦೩ರಲ್ಲಿಯೇ ನಾಲ್ಕು ಚಕ್ರಗಳ ಚಾಲನೆಯ ಕಾರನ್ನು ನಿರ್ಮಿಸಿತ್ತು. ಎರಡನೆಯ ಮಹಾಯುದ್ಧದಲ್ಲಿ ಜೀಪು ಈ ವಿಧಾನವನ್ನು ಲೋಕಪ್ರಸಿದ್ಧಗೊಳಿಸಿತು. ೧೯೪೭ರಲ್ಲಿ ಮಹೀಂದ್ರ ಸಂಸ್ಥೆಯು ಭಾರತದಲ್ಲಿ ಅದರ ಜೋಡಣೆಯನ್ನು ಆರಂಭಿಸಿತು. ಇಂಥ ವಾಹನದಲ್ಲಿ ಗೇರುಪೆಟ್ಟಿಗೆಯ ಹಿಂದೆ ಮತ್ತೊಂದು ಪೆಟ್ಟಿಗೆಯಿದ್ದು, ಅದು ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಅಚ್ಚುಗಳಿಗೆ ಹಂಚುತ್ತದೆ. ಅದರಲ್ಲಿಯೇ ‘ಲೋ’ ಎಂಬ ಇಳಿಗತಿಯೂ ಇರುತ್ತದೆ. ಆ ಹಲ್ಲುಚಕ್ರಗಳು ವೇಗವನ್ನು ತಗ್ಗಿಸಿದಷ್ಟೂ ತಿರುಗಿಸುವ ಬಲವನ್ನು ಹೆಚ್ಚಿಸುತ್ತವೆ. ಹೊಸಬರು ಕೆಸರಿಗೆ ಇಳಿಯುವ ಮುನ್ನವೇ ಇದನ್ನು ಹಾಕಿಕೊಳ್ಳಬೇಕು. ಹೂತ ಮೇಲೆ ಹಾಕುವುದು ಮಳೆ ನಿಂತ ಮೇಲೆ ಕೊಡೆ ಬಿಚ್ಚಿದಂತೆ.

ಗಟ್ಟಿಯಾದ ಡಾಂಬರು ರಸ್ತೆಗೆ ಬಂದೊಡನೆ ಇಂಥ ವಾಹನಗಳಲ್ಲಿ ಮುಂದಿನ ಚಾಲನೆಯನ್ನು ಬಿಡಿಸಬೇಕು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಕ್ರಮಿಸುತ್ತವೆ. ಎರಡು ಅಚ್ಚುಗಳನ್ನೂ ಬಿಗಿಯಾಗಿ ಜೋಡಿಸಿದ್ದರೆ ಈ ಅಂತರಕ್ಕೆ ಅವಕಾಶವಿಲ್ಲದೆ ಹಲ್ಲುಚಕ್ರಗಳ ಮೇಲೆ ತಿರುಚು ಬೀಳುತ್ತದೆ. ಕೆಸರಿನಲ್ಲಿ ಟೈರು ತುಸು ಜಾರಿ ಈ ಬಿಗಿತವನ್ನು ಸಡಿಲಿಸುತ್ತದೆ; ಡಾಂಬರಿನ ಮೇಲೆ ಜಾರಲಾರದೆ ಟೈರು ಸವೆಯುತ್ತದೆ, ಭಾಗಗಳು ಮುರಿಯಬಹುದು.

ಇನ್ನೊಂದು ಸೂಕ್ಷ್ಮವುಂಟು. ಒಂದೇ ಅಚ್ಚಿನ ಎಡಬಲ ಚಕ್ರಗಳು ತಿರುವಿನಲ್ಲಿ ಬೇರೆಬೇರೆ ವೇಗದಿಂದ ಉರುಳಲೆಂದು ಅವುಗಳ ನಡುವೆ ಡಿಫರೆನ್ಷಿಯಲ್ ಇರುತ್ತದೆ. ಅದು ಎರಡೂ ಚಕ್ರಗಳಿಗೆ ಸಮನಾದ ತಿರುಗುಬಲವನ್ನು ಕೊಡುತ್ತದೆ. ಒಂದು ಚಕ್ರ ಕೆಸರಿನಲ್ಲಿ ಜಾರಿ ಅಲ್ಪಬಲವನ್ನಷ್ಟೇ ತಾಳಿದರೆ, ಗಟ್ಟಿನೆಲದಲ್ಲಿರುವ ಇನ್ನೊಂದಕ್ಕೂ ಅಷ್ಟೇ ಅಲ್ಪಬಲ ದೊರೆಯುತ್ತದೆ. ಆದ್ದರಿಂದ ಮುಂದಿನದೊಂದು, ಹಿಂದಿನದೊಂದು ಚಕ್ರ ಜಾರಿದರೆ ಸಾಕು, ನಾಲ್ಕು ಚಕ್ರಗಳ ಗಾಡಿಯೂ ನಿಂತುಬಿಡುತ್ತದೆ. ಎರಡೂ ಚಕ್ರಗಳನ್ನು ಒಂದಾಗಿ ಬಿಗಿಯುವ ಬೀಗವು ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಅದನ್ನು ಹಾಕಿದಾಗ ನೇರವಾಗಿ ಸಾಗಬೇಕೇ ಹೊರತು ತಿರುಗಿಸಬಾರದು.

ಟೈರಿನ ಗಾಳಿಯೂ ಮುಖ್ಯ. ಚಕ್ರವೊಂದರ ಮೇಲೆ ೪೦೦ ಕಿಲೋಗ್ರಾಂ ಭಾರವಿದ್ದು, ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ ೨ ಕಿಲೋಗ್ರಾಂ ಇದ್ದರೆ, ಅದು ಸುಮಾರು ೨೦೦ ಚದರ ಸೆಂಟಿಮೀಟರ್ ನೆಲವನ್ನು ಮುಟ್ಟುತ್ತದೆ. ಒತ್ತಡವನ್ನು ೧ಕ್ಕೆ ಇಳಿಸಿದರೆ ಮುಟ್ಟುವ ನೆಲ ಸುಮಾರು ಎರಡರಷ್ಟಾಗಿ ಚಕ್ರ ಹೂಳುವುದು ಕಡಮೆಯಾಗುತ್ತದೆ. ಖಾಲಿ ಜೀಪು ನಿಧಾನವಾಗಿ ಸಾಗುವಾಗ ಇದು ಉಪಯುಕ್ತ. ಭಾರ ತುಂಬಿದ ಗಾಡಿಗೆ ಇದು ತಕ್ಕುದಲ್ಲ. ರಸ್ತೆಗೆ ಬಂದ ಕೂಡಲೇ ಗಾಳಿಯನ್ನು ತುಂಬಿಸದಿದ್ದರೆ ಟೈರು ಕಾದು ಒಡೆಯಬಹುದು.

ಈಗ ಕೊಂಡಿಯ ವಿಷಯ. ಎರಡು ಗಾಲಿಯ ಟ್ರೇಲರನ್ನು ಜೀಪಿಗೆ ಕಟ್ಟುವಾಗ ಅದರ ತೂಕದ ಸುಮಾರು ಹತ್ತನೆಯ ಒಂದು ಪಾಲು ಕೊಂಡಿಯ ಮೇಲೆ ಬೀಳುವಂತೆ ಹೊರೆಯನ್ನು ಹೇರಬೇಕು. ಹಿಂಭಾರವಾದ ಚಕ್ಕಡಿಯ ನೊಗವು ಎತ್ತುಗಳ ಹೆಗಲಿನಿಂದ ಮೇಲೇಳುವಂತೆ, ಹಿಂಭಾರವಾದ ಟ್ರೇಲರು ಜೀಪಿನ ಹಿಂಬದಿಯನ್ನು ಎತ್ತಿ, ವೇಗದಲ್ಲಿ ಅತ್ತಿತ್ತ ತೂರಾಡುತ್ತದೆ. ಟ್ರ್ಯಾಕ್ಟರಿನಲ್ಲಿ ಎಳೆಯುವ ಸರಪಳಿಯನ್ನು ಹಿಂದಿನ ಅಚ್ಚಿಗಿಂತ ಕೆಳಗಿರುವ ಎಳೆಕಂಬಿಗೇ ಕಟ್ಟಬೇಕು. ಅಚ್ಚಿಗಿಂತ ಮೇಲೆ ಕಟ್ಟಿದರೆ ಎಳೆತವು ಟ್ರ್ಯಾಕ್ಟರಿನ ಮೂತಿಯನ್ನು ಮೇಲೆತ್ತುತ್ತದೆ. ಹೂತ ಹಿಂಚಕ್ರಗಳು ತಿರುಗಲಾರದೆ ಇರುವಾಗ ಎಂಜಿನ್ನಿನ ಬಲವು ಟ್ರ್ಯಾಕ್ಟರನ್ನೇ ಅಚ್ಚಿನ ಸುತ್ತ ತಿರುಗಿಸಿ, ಒಂದೆರಡು ಸೆಕೆಂಡಿನೊಳಗೆ ಚಾಲಕನ ಮೇಲೆ ಮಗುಚಬಲ್ಲದು. ಆದ್ದರಿಂದ ಹೂತಾಗ ಮೊದಲು ಟ್ರೇಲರನ್ನು ಬಿಡಿಸಿ, ಬಂದ ದಾರಿಯಲ್ಲಿಯೇ ಹಿಂದಕ್ಕೆ ಬರಲು ನೋಡುವುದು ಕ್ಷೇಮ.

ಚಕ್ರ ತಿರುಗಿದರೂ ಗಾಡಿ ಮುಂದೆ ಹೋಗದಿದ್ದರೆ ಕೂಡಲೇ ನಿಲ್ಲಿಸಬೇಕು. ಪ್ರತಿಯೊಂದು ಸುತ್ತೂ ಕುಳಿಯನ್ನು ಆಳಮಾಡುತ್ತದೆ. ಚಕ್ರದ ಮುಂದಿನ ಮಣ್ಣನ್ನು ಸಲಿಕೆಯಿಂದ ಓರೆಯಾಗಿ ತೆಗೆದು, ಗರಸು, ಹಲಗೆ ಅಥವಾ ಜೋಳದ ಕಣಿಕೆಯನ್ನು ಹಾಸಿ ಮೆಲ್ಲನೆ ಹೊರಡಬೇಕು. ಇನ್ನೊಂದು ವಾಹನದಿಂದ ಎಳೆಸುವಾಗ ಹಗ್ಗದ ಬಳಿ ಯಾರೂ ನಿಲ್ಲಕೂಡದು. ಬಿಗಿದ ಹಗ್ಗದಲ್ಲಿ ಬಿಲ್ಲಿನ ಹೆದೆಯಲ್ಲಿರುವಂತೆ ಶಕ್ತಿ ಸಂಗ್ರಹವಾಗಿರುತ್ತದೆ; ಹರಿದರೆ ಅದು ಚಾವಟಿಯಂತೆ ಬೀಸುತ್ತದೆ.

ಇಳಿಜಾರಿನಲ್ಲಿ ಮೊದಲೇ ಕೆಳಗಿನ ಗೇರನ್ನು ಹಾಕಿ ಎಂಜಿನ್ನಿನಿಂದಲೇ ವೇಗವನ್ನು ತಡೆಯಬೇಕು. ಇಲ್ಲವಾದರೆ ಹಿಂದಿನ ಟ್ರೇಲರು ಗಾಡಿಯನ್ನು ತಳ್ಳಿ ಅಡ್ಡ ತಿರುಗಿಸುತ್ತದೆ. ಭೀಮೆಗೋ ಡೋಣಿಗೋ ಸೇರುವ ಹಳ್ಳಗಳು ಮಳೆಯಲ್ಲಿ ತುಂಬಿ ಹರಿಯುವಾಗ ದಾಟುವ ಸಾಹಸವೇ ಬೇಡ. ನೀರು ವಾಹನವನ್ನು ಮೇಲಕ್ಕೆ ಎತ್ತಿದಷ್ಟೂ ಚಕ್ರದ ಮೇಲಿನ ಭಾರ ತಗ್ಗುತ್ತದೆ. ಭಾರ ತಗ್ಗಿದರೆ ಹಿಡಿತವೂ ಇಲ್ಲ, ಚಕ್ರ ಎರಡಿರಲಿ, ನಾಲ್ಕಿರಲಿ.

ಒಟ್ಟಿನಲ್ಲಿ ನಾಲ್ಕು ಚಕ್ರಗಳ ಚಾಲನೆಯು ನೆಲದ ಹಿಡಿತವನ್ನು ಹೆಚ್ಚಿಸುವುದಿಲ್ಲ. ಇರುವ ಹಿಡಿತವನ್ನು ಪೂರ್ತಿಯಾಗಿ ಬಳಸಿಕೊಳ್ಳುತ್ತದೆ, ಅಷ್ಟೇ. ಆ ಹಿಡಿತ ಎಷ್ಟಿದೆಯೆಂಬುದನ್ನು ಅರಿಯಲು ಅತ್ಯುತ್ತಮವಾದ ಉಪಕರಣ ಚಾಲಕನ ಸ್ವಂತ ಕಾಲುಗಳೇ. ಗಾಡಿಯಿಂದ ಇಳಿದು ಹತ್ತು ಹೆಜ್ಜೆ ನಡೆದು ನೋಡಿದವನಿಗೆ, ಮುಂದೆ ಹೋಗಬಹುದೇ ಅಥವಾ ನೆಲ ಆರುವ ತನಕ ಕಾಯಬೇಕೇ ಎಂಬುದನ್ನು ಎರೆಮಣ್ಣು ತಾನಾಗಿಯೇ ತಿಳಿಸುತ್ತದೆ.