ಮೊಣಕಾಲಿನ ಹುರಿ ಹರಿದರೆ ರೋಬೋಟ್ ಬೇಕೇ?

ಸೋದರಿಯರೇ, ಯಮಕನಮರಡಿಯಲ್ಲಾಗಲಿ, ಹುಕ್ಕೇರಿ-ಗೋಕಾಕದ ಕಡೆಯಾಗಲಿ, ಕಬಡ್ಡಿ ಆಡಲು ಹೋದ ಮಗಳು ಕುಂಟುತ್ತ ಮನೆಗೆ ಬಂದರೆ ಹಿರಿಯರ ಮಾತು ಒಂದೇ: “ಎಣ್ಣಿ ಹಚ್ಚಿ ತಿಕ್ಕವಾ, ನಾಳಿಗೆ ಹೋಗ್ತೈತಿ.” ಬರೀ ಉಳುಕಾದರೆ ಹೋದೀತು. ಆದರೆ ಬೀಳುವಾಗ ಒಳಗೆ ‘ಟಪ್’ ಎಂದಿದ್ದರೆ, ಕೆಲವೇ ತಾಸಿನಲ್ಲಿ ಮೊಣಕಾಲು ಬಾತಿದ್ದರೆ, ನಡೆಯುವಾಗ ಕಾಲು ಹಿಡಿತ ತಪ್ಪುತ್ತಿದ್ದರೆ ತಿಕ್ಕಬೇಡಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಟ್ಟು, ಕಾಲನ್ನು ದಿಂಬಿನ ಮೇಲೆ ಎತ್ತರಿಸಿ, ಎಲುಬಿನ ವೈದ್ಯರಿಗೆ ತೋರಿಸಿ.

ತೊಡೆಯ ಎಲುಬನ್ನೂ ಕೆಳಗಾಲಿನ ಎಲುಬನ್ನೂ ಬಿಗಿದಿಡುವ ಹುರಿಗೆ ಲಿಗಮೆಂಟ್ ಎನ್ನುತ್ತಾರೆ. ಅದು ಹರಿದಿದ್ದು ಎಕ್ಸ್-ರೇಯಲ್ಲಿ ಕಾಣದು; ಎಂ.ಆರ್.ಐ. ಬೇಕಾಗುತ್ತದೆ. ಹರಿದವರಿಗೆಲ್ಲ ಶಸ್ತ್ರಚಿಕಿತ್ಸೆ ಬೇಕೆಂದೇನೂ ಇಲ್ಲ. ಕೆಲವರಿಗೆ ವ್ಯಾಯಾಮವೇ ಸಾಕು. ಓಡಿ ಆಡುವ ಹುಡುಗಿಯರಿಗೆ ಮಾತ್ರ ಹೆಚ್ಚಾಗಿ ಹೊಸ ಹುರಿ ಕೂಡಿಸುತ್ತಾರೆ. ಚಿಕ್ಕ ರಂಧ್ರದಿಂದ ದುರ್ಬೀನು ತೂರಿಸಿ, ರೋಗಿಯದೇ ತೊಡೆಯ ಹಿಂಬದಿಯ ನರದಂಥ ಹುರಿಯನ್ನು ತೆಗೆದು, ಎಲುಬಿನಲ್ಲಿ ಸುರಂಗ ಕೊರೆದು ಬಿಗಿಯುತ್ತಾರೆ.

“ರೋಬೋಟ್ ಮಾಡ್ತದಂತಲ್ಲ?” ಎಂದು ನೀವು ಕೇಳಬಹುದು. ರೋಬೋಟ್ ತಾನಾಗಿ ಏನೂ ಮಾಡದು; ಅದು ವೈದ್ಯರ ಕೈಗೆ ಅಳತೆಗೋಲು. ಸವೆದ ಮೊಣಕಾಲಿನ ಕೀಲು ಬದಲಿಸುವಾಗ ಎಲುಬನ್ನು ಎಲ್ಲಿ, ಎಷ್ಟು ಕತ್ತರಿಸಬೇಕೆಂದು ತೋರಿಸಿ, ಗೆರೆ ದಾಟದಂತೆ ತಡೆಯುತ್ತದೆ. ಲಿಗಮೆಂಟಿಗೆ ಅದರ ಬಳಕೆ ಇನ್ನೂ ಹೊಸದು, ವಿರಳ. ರೋಬೋಟ್ ಇಲ್ಲವೆಂದು ಮಗಳ ಚಿಕಿತ್ಸೆ ಮುಂದೂಡಬೇಡಿ. ಅದರ ಹೆಸರಿಗಾಗಿಯೇ ಸಾಲವನ್ನೂ ಮಾಡಬೇಡಿ.

ನಮ್ಮ ನೆರೆಯ ಸಾಂಗಲಿಯಲ್ಲಿ ಬೆಳೆದ ಕ್ರಿಕೆಟ್ ಆಟಗಾರ್ತಿ ಸ್ಮೃತಿ ಮಂಧಾನಾ ಗೊತ್ತಲ್ಲ? 2017ರ ಜನವರಿಯಲ್ಲಿ ಆಸ್ಟ್ರೇಲಿಯಾದಲ್ಲಿ ಆಡುವಾಗ ಅವರ ಮೊಣಕಾಲಿನ ಲಿಗಮೆಂಟಿಗೆ ಪೆಟ್ಟಾಯಿತು. ಅದೇ ಜೂನ್‌ನಲ್ಲಿ ವಿಶ್ವಕಪ್ಪಿನಲ್ಲಿ ಇಂಗ್ಲೆಂಡಿನ ಮೇಲೆ 90 ರನ್ ಹೊಡೆದರು. ಅವರ ಬೆನ್ನಿಗೆ ತಜ್ಞರ ಪಡೆಯೇ ಇತ್ತು. ನಮ್ಮ ಮಕ್ಕಳು ಆಟಕ್ಕೆ ಮರಳಲು ಸಾಮಾನ್ಯವಾಗಿ 9 ತಿಂಗಳಾದರೂ ಬೇಕು. ಅವಸರ ಮಾಡಿದರೆ ಹುರಿ ಮತ್ತೆ ಹರಿದೀತು.

ಬೆಳಗಾವಿಗೋ ಕೊಲ್ಹಾಪುರಕ್ಕೋ ಹೋದಾಗ ಸಂಕೋಚ ಬಿಟ್ಟು ಕೇಳಿ: ಶಸ್ತ್ರಚಿಕಿತ್ಸೆ ಇಲ್ಲದೆ ಆಗದೇ? ಇಂಥವನ್ನು ನೀವು ಎಷ್ಟು ಮಾಡಿದ್ದೀರಿ? ಒಟ್ಟು ಖರ್ಚೆಷ್ಟು, ಆಯುಷ್ಮಾನ್ ಕಾರ್ಡ್ ನಡೆಯುತ್ತದೆಯೇ? ವ್ಯಾಯಾಮ ಕಲಿಸುವವರು ಯಾರು?

ಕೊನೆಯ ಪ್ರಶ್ನೆಯೇ ದೊಡ್ಡದು. ಮನೆಯಲ್ಲಿ ದಿನವೂ ಆ ವ್ಯಾಯಾಮ ಮಾಡಿಸುವವರು ನೀವೇ. ಗಂಡುಮಗನಿಗೆ ಇಷ್ಟೆಲ್ಲ ಮಾಡಿಸುವ ಮನೆಯಲ್ಲಿ ಮಗಳಿಗೆ ಮಾತ್ರ “ಇನ್ನು ಆಟ ಸಾಕು” ಎನ್ನುವುದು ಬೇಡ. ಆಟ ಬಿಟ್ಟರೂ ಆ ಕಾಲಿನ ಮೇಲೆ ಅವಳು ಬಾಳೆಲ್ಲ ನಡೆಯಬೇಕಲ್ಲವೇ?