ಟಯರಿಗೆ ಗಾಳಿ ಎಷ್ಟಿರಬೇಕು? ಹೈಬ್ರಿಡ್ ಕಾರು ಇಟ್ಟುಕೊಂಡ ಬೆಳೆಗಾರರಿಗೆ ಕೆಲವು ಮಾತು

ಮಲೆನಾಡಿನ ತೋಟದ ಮನೆಗೂ ಗಾಡಿಗೂ ಇರುವ ನಂಟು ಹಳೆಯದು. ಒಂದು ಕಾಲದಲ್ಲಿ ತೋಟವೆಂದರೆ ಜೀಪು, ಜೀಪೆಂದರೆ ತೋಟ ಎಂಬಂತಿತ್ತು. ಈಗ ಜೀಪು, ಪಿಕಪ್ಪುಗಳ ಪಕ್ಕದಲ್ಲಿ ಹೈಬ್ರಿಡ್ ಕಾರುಗಳೂ ಬಂದು ನಿಲ್ಲುತ್ತಿವೆ. 2022ರಲ್ಲಿ ಬಿಡದಿಯ ಟೊಯೋಟಾ ಕಾರ್ಖಾನೆಯಿಂದ ಹೈರೈಡರ್, ಗ್ರ್ಯಾಂಡ್ ವಿಟಾರಾ, ಇನ್ನೋವಾ ಹೈಕ್ರಾಸ್ ಹೊರಬಂದ ಮೇಲೆ, ಪೆಟ್ರೋಲ್ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರೂ ಇರುವ ಇಂಥ ಗಾಡಿಗಳು ಚಿಕ್ಕಮಗಳೂರು, ಮೂಡಿಗೆರೆ, ಕಳಸದ ರಸ್ತೆಗಳಲ್ಲಿ ಅಪರೂಪವೇನಲ್ಲ.

ಗೊಬ್ಬರಕ್ಕೆಂದು ಸಂಘಕ್ಕೆ ಬಂದಿದ್ದ ಸದಸ್ಯರೊಬ್ಬರು ಮೊನ್ನೆ ತಮ್ಮ ಹೊಸ ಕಾರಿನ ವಿಚಾರ ಹೇಳುತ್ತಿದ್ದರು. "ಟಯರಿಗೆ ನಲವತ್ತು ಪೌಂಡ್ ಗಾಳಿ ಹಾಕ್ಸಿದೀನಿ ಮಾರಾಯ್ರೆ, ಲೀಟರಿಗೆ ಒಂದು ಕಿಲೋಮೀಟರ್ ಜಾಸ್ತಿ ತೋರಿಸ್ತಿದೆ!" ಪಕ್ಕದಲ್ಲಿದ್ದ ಹಿರಿಯ ಬೆಳೆಗಾರರು ನಕ್ಕು, "ಮಳೆಗಾಲದಲ್ಲಿ ಚಾರ್ಮಾಡಿ ಇಳಿಯುವಾಗ ಏನು ತೋರಿಸ್ತದೋ ಅದನ್ನೂ ನೋಡ್ಕೊಳ್ಳಿ" ಎಂದರು. ಇಬ್ಬರ ಮಾತಿನಲ್ಲೂ ಹುರುಳಿದೆ. ಯಾರ ಮಾತಿನಲ್ಲಿ ಎಷ್ಟು ಎಂಬುದನ್ನು ಲೆಕ್ಕ ಹಾಕಿ ನೋಡುವುದು ಈ ಲೇಖನದ ಉದ್ದೇಶ.

ಗಾಳಿಗೂ ಪೆಟ್ರೋಲಿಗೂ ಏನು ಸಂಬಂಧ?

ಚಕ್ರ ಉರುಳುವಾಗ ನೆಲಕ್ಕೆ ತಾಗಿದ ಭಾಗದಲ್ಲಿ ಟಯರು ಚಪ್ಪಟೆಯಾಗುತ್ತದೆ. ನೆಲ ಬಿಟ್ಟೊಡನೆ ಮತ್ತೆ ದುಂಡಗಾಗುತ್ತದೆ. ಒಂದು ಕಿಲೋಮೀಟರಿನಲ್ಲಿ ನೂರಾರು ಸಲ ಹೀಗೆ ಬಾಗಿ ಏಳುವ ರಬ್ಬರು ಬಿಸಿಯಾಗುತ್ತದೆ. ಆ ಬಿಸಿ ಬಂದದ್ದು ನಾವು ಹಣ ಕೊಟ್ಟು ತುಂಬಿಸಿದ ಪೆಟ್ರೋಲಿನಿಂದಲೇ. ಗಾಳಿ ಕಡಿಮೆಯಾದಷ್ಟೂ ಟಯರು ಹೆಚ್ಚು ಬಾಗುತ್ತದೆ, ಹೆಚ್ಚು ಬಿಸಿಯಾಗುತ್ತದೆ, ಹೆಚ್ಚು ಇಂಧನ ತಿನ್ನುತ್ತದೆ.

ಎಷ್ಟು ಹೆಚ್ಚು? ಒತ್ತಡವನ್ನು ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂದು ಅಳೆಯುವುದು ರೂಢಿ. ನಾಲ್ಕೂ ಟಯರುಗಳಲ್ಲಿ ಸರಾಸರಿ 1 ಪೌಂಡ್ ಕಡಿಮೆಯಾದರೆ ಮೈಲೇಜು ಶೇ. 0.2ರಷ್ಟು ಇಳಿಯುತ್ತದೆಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ.

ತಿಂಗಳಿಗೆ 1,000 ಕಿ.ಮೀ. ಓಡುವ, ಲೀಟರಿಗೆ 20 ಕಿ.ಮೀ. ಕೊಡುವ ಗಾಡಿಯನ್ನು ತೆಗೆದುಕೊಳ್ಳೋಣ. ತಿಂಗಳ ಖರ್ಚು 50 ಲೀಟರು. ಕಂಪನಿ ಹೇಳಿದ್ದು 33 ಪೌಂಡ್ ಇದ್ದು, ಟಯರಿನಲ್ಲಿ 25 ಮಾತ್ರ ಇದ್ದರೆ ನಷ್ಟ ಶೇ. 1.6, ಅಂದರೆ ತಿಂಗಳಿಗೆ 0.8 ಲೀಟರು. ಲೀಟರಿಗೆ 100 ರೂ. ಎಂದು ಹಿಡಿದರೆ 80 ರೂ. ವರ್ಷಕ್ಕೆ ಸಾವಿರ ರೂಪಾಯಿಯ ಹತ್ತಿರ. ಇದಕ್ಕಿಂತ ದೊಡ್ಡ ನಷ್ಟ ಟಯರಿನದು. ಗಾಳಿ ಕಡಿಮೆ ಇದ್ದರೆ ಅದರ ಎರಡೂ ಅಂಚು ಬೇಗ ಸವೆದು, ಪಕ್ಕದ ಗೋಡೆ ಬಿಸಿಯಾಗಿ ಬಿರಿಯುತ್ತದೆ.

ಇನ್ನು 40 ಪೌಂಡಿನ ಲೆಕ್ಕ. ಮೇಲಕ್ಕೂ ಅದೇ ಪ್ರಮಾಣ ಹಿಡಿದರೆ 7 ಪೌಂಡ್ ಹೆಚ್ಚಿಗೆ ಸಿಗುವುದು ಶೇ. 1.4. ಲೀಟರಿಗೆ 20 ಕಿ.ಮೀ. ಓಡುವ ಗಾಡಿ 20.3ರ ಹತ್ತಿರಕ್ಕೆ ಬಂದೀತು. ತಿಂಗಳ ಉಳಿತಾಯ ಸುಮಾರು 70 ರೂ. ಹಾಗಾದರೆ ನಮ್ಮ ಸದಸ್ಯರಿಗೆ ಕಂಡ ಒಂದು ಪೂರ್ತಿ ಕಿಲೋಮೀಟರು ಎಲ್ಲಿಂದ ಬಂತು? ಹೊಸ ಕಾರಿನ ಮುಂದಿನ ಫಲಕ ಕ್ಷಣಕ್ಷಣದ ಮೈಲೇಜು ತೋರಿಸುತ್ತದೆ. ಕೊಟ್ಟಿಗೆಹಾರದಿಂದ ಉಜಿರೆಗೆ ಇಳಿಯುವಾಗ ಅದು ಏರುತ್ತದೆ, ಹತ್ತುವಾಗ ಕುಸಿಯುತ್ತದೆ. ಅಲ್ಲದೆ ಫಲಕ ನೋಡುತ್ತ ಓಡಿಸುವವರ ಕಾಲು ತಾನಾಗಿ ಹಗುರವಾಗುತ್ತದೆ. ಗಾಳಿಯ ಫಲ ತಿಳಿಯಬೇಕಾದರೆ ಟ್ಯಾಂಕು ತುಂಬಿಸಿದ ದಿನದಿಂದ ಮುಂದಿನ ಸಲ ತುಂಬಿಸುವವರೆಗಿನ ಕಿ.ಮೀ. ಮತ್ತು ಲೀಟರನ್ನು ಪುಸ್ತಕದಲ್ಲಿ ಬರೆದಿಡಬೇಕು. ಅದೂ ನಾಲ್ಕಾರು ಸಲ.

ಘಾಟಿಯಲ್ಲಿ ಹೈಬ್ರಿಡ್ ಗಾಡಿಯ ವಿಶೇಷ

ಸಾಮಾನ್ಯ ಕಾರು ಘಾಟಿ ಇಳಿಯುವಾಗ ಬ್ರೇಕಿನಲ್ಲಿ ಸುಟ್ಟುಹೋಗುವ ಶಕ್ತಿಯನ್ನು ಹೈಬ್ರಿಡ್ ಕಾರು ವಿದ್ಯುತ್ತಾಗಿ ಮಾರ್ಪಡಿಸಿ ಬ್ಯಾಟರಿಯಲ್ಲಿ ಕೂಡಿಡುತ್ತದೆ. ಇದು ಒಳ್ಳೆಯ ಏರ್ಪಾಡು. ಆದರೆ ಇದಕ್ಕೂ ಮಿತಿಯುಂಟು. ಒಂದೂವರೆ ಟನ್ ತೂಕದ ಗಾಡಿ 600 ಮೀಟರ್ ಎತ್ತರದಿಂದ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು ಎರಡೂವರೆ ಯೂನಿಟ್. ಹೈರೈಡರ್, ಗ್ರ್ಯಾಂಡ್ ವಿಟಾರಾದಂಥ ಕಾರುಗಳ ಹೈಬ್ರಿಡ್ ಬ್ಯಾಟರಿ ಹಿಡಿಯುವುದು ಒಂದು ಯೂನಿಟ್ಟಿಗೂ ಕಡಿಮೆ. ಟಯರಿಗೂ ಎದುರುಗಾಳಿಗೂ ಒಂದು ಪಾಲು ಹೋದರೂ, ಚಾರ್ಮಾಡಿಯಂಥ ಉದ್ದ ಇಳಿಜಾರು ಮುಗಿಯುವ ಮೊದಲೇ ಬ್ಯಾಟರಿ ತುಂಬಿಬಿಡಬಹುದು. ಆಗ ಎಂಜಿನ್ನು ತಾನಾಗಿ ಜೋರಾಗಿ ಕೂಗತೊಡಗಿದರೆ ಗಾಬರಿಯಾಗಬೇಕಿಲ್ಲ. ಗಾಡಿಯನ್ನು ಹಿಡಿದು ನಿಲ್ಲಿಸುವ ಕೆಲಸವನ್ನು ಅದು ವಹಿಸಿಕೊಂಡಿದೆ ಎಂದು ಅರ್ಥ. ಕೆಲವು ಗಾಡಿಗಳಲ್ಲಿ ಇದಕ್ಕೆಂದೇ ಗೇರಿನ ಹತ್ತಿರ 'ಬಿ' ಎಂಬ ಗುರುತು ಇರುತ್ತದೆ. ಉದ್ದ ಇಳಿಜಾರಿನಲ್ಲಿ ಅದನ್ನು ಉಪಯೋಗಿಸುವುದು ಒಳ್ಳೆಯದು.

ಗಮನಿಸಬೇಕಾದದ್ದೇನೆಂದರೆ, ವಿದ್ಯುತ್ ಬ್ರೇಕಾಗಲಿ, ಎಂಜಿನ್ ಬ್ರೇಕಾಗಲಿ, ಕಾಲಿನ ಬ್ರೇಕಾಗಲಿ, ಕೊನೆಗೆ ನೆಲವನ್ನು ಹಿಡಿಯುವುದು ಟಯರೇ. ಒಂದೊಂದು ಟಯರು ನೆಲಕ್ಕೆ ತಾಗುವ ಜಾಗ ನಮ್ಮ ಅಂಗೈಯಷ್ಟು. ಅತಿಯಾಗಿ ಗಾಳಿ ತುಂಬಿದರೆ ಆ ಜಾಗ ಇನ್ನೂ ಕಿರಿದಾಗುತ್ತದೆ. ಟಯರು ಗಟ್ಟಿಯಾಗಿ, ಗುಂಡಿಯ ಮೇಲೆ ಚೆಂಡಿನಂತೆ ಪುಟಿಯುತ್ತದೆ. ಪುಟಿದಷ್ಟು ಹೊತ್ತು ಬ್ರೇಕಿಗೆ ನೆಲವೇ ಇಲ್ಲ. ಚಕ್ರ ಜಾರಿದರೆ ಹೈಬ್ರಿಡ್ ಗಾಡಿ ವಿದ್ಯುತ್ ಕೂಡಿಡುವುದನ್ನು ನಿಲ್ಲಿಸಿ ಸಾಮಾನ್ಯ ಬ್ರೇಕಿಗೆ ಹೋಗುತ್ತದೆ. ಉಳಿತಾಯಕ್ಕೆಂದು ಹಾಕಿದ ಗಾಳಿಯೇ ಉಳಿತಾಯವನ್ನು ಕೆಡಿಸಿದಂತಾಯಿತು. ಮೇಲಾಗಿ ಟಯರಿನ ನಡುಭಾಗ ಮಾತ್ರ ಬೇಗ ಸವೆಯುತ್ತದೆ.

ಕಡಿಮೆ ಗಾಳಿಯೂ ಮಳೆಗಾಲದಲ್ಲಿ ಅಷ್ಟೇ ಅಪಾಯ. ರಸ್ತೆಯ ಮೇಲೆ ನೀರು ನಿಂತಾಗ ಒಂದು ವೇಗ ಮೀರಿದರೆ ಟಯರು ನೆಲ ಬಿಟ್ಟು ನೀರಿನ ಮೇಲೆ ತೇಲುತ್ತದೆ. ಆಗ ಸ್ಟೀರಿಂಗಿಗೂ ಬ್ರೇಕಿಗೂ ಗಾಡಿ ಕೇಳುವುದಿಲ್ಲ. ವಿಮಾನದ ಚಕ್ರಗಳಿಗೆ ಬಳಸುವ ಸೂತ್ರದ ಪ್ರಕಾರ 33 ಪೌಂಡ್ ಇದ್ದರೆ ಆ ವೇಗ ಗಂಟೆಗೆ ಸುಮಾರು 95 ಕಿ.ಮೀ., 22 ಪೌಂಡ್ ಇದ್ದರೆ ಸುಮಾರು 78. ಟಯರಿನ ಗೆರೆ ಸವೆದಿದ್ದರೆ ಇನ್ನೂ ಕಡಿಮೆ ವೇಗದಲ್ಲೇ ತೇಲೀತು. ಘಾಟಿಯ ತಿರುವಿನಲ್ಲಿ ಈ ವೇಗ ಯಾರೂ ಹೋಗಲಾರರು. ಆದರೆ ಘಾಟಿ ಮುಗಿದು ಮಂಗಳೂರಿನ ಹೆದ್ದಾರಿ ಸಿಕ್ಕಾಗ ಕಾಲು ಸುಮ್ಮನಿರುವುದಿಲ್ಲ. ಅದರಲ್ಲೂ ಮಧ್ಯರಾತ್ರಿ ರೋಗಿಯನ್ನು ಮಲಗಿಸಿಕೊಂಡು ಮಂಗಳೂರಿನ ಆಸ್ಪತ್ರೆಗೆ ಹೊರಟವರಿಗೆ ವೇಗ ಅನಿವಾರ್ಯ. ನಮ್ಮ ಭಾಗದ ಎಷ್ಟೋ ಮನೆಗಳಿಗೆ ಈ ಪ್ರಯಾಣ ಹೊಸದಲ್ಲ. ಅಂಥ ರಾತ್ರಿ ಗಾಳಿ ನೋಡಲು ಯಾರಿಗೂ ವ್ಯವಧಾನ ಇರುವುದಿಲ್ಲ, ಮೊದಲೇ ನೋಡಿಟ್ಟಿರಬೇಕು.

ಮಂಗಳೂರಿನ ಬಿಸಿ, ಮೂಡಿಗೆರೆಯ ಚಳಿ

ಒತ್ತಡವನ್ನು ಟಯರು ತಣ್ಣಗಿರುವಾಗಲೇ ಅಳೆಯಬೇಕೆಂದು ಕಂಪನಿಗಳು ಹೇಳುತ್ತವೆ. ನಮ್ಮ ಗುಡ್ಡಗಳಲ್ಲಿ ಈ ಮಾತಿಗೆ ಹೆಚ್ಚಿನ ಬೆಲೆಯಿದೆ. ಉಷ್ಣತೆ ಐದೂವರೆ ಡಿಗ್ರಿ ಸೆಲ್ಸಿಯಸ್ ಇಳಿದರೆ ಟಯರಿನ ಒತ್ತಡ ಸುಮಾರು 1 ಪೌಂಡ್ ಇಳಿಯುತ್ತದೆ. ಘಾಟಿ ಇಳಿದು ಮಂಗಳೂರು ಮುಟ್ಟಿದ ಗಾಡಿಯ ಟಯರಿನೊಳಗಿನ ಗಾಳಿ 50 ಡಿಗ್ರಿ ಬಿಸಿಯಾಗಿದೆ ಎನ್ನೋಣ. ಅಲ್ಲಿಯೇ ಬಂಕಿನಲ್ಲಿ 33ಕ್ಕೆ ಸರಿಪಡಿಸಿಕೊಂಡು ಬಂದು, ಮರುದಿನ ಬೆಳಿಗ್ಗೆ ಮೂಡಿಗೆರೆಯ ತೋಟದಲ್ಲಿ 15 ಡಿಗ್ರಿ ಚಳಿಯಲ್ಲಿ ಅಳೆದರೆ ಗೇಜಿನಲ್ಲಿ 29ರ ಸುಮಾರಿಗೆ ಕಾಣುತ್ತದೆ. ಗಾಳಿ ಎಲ್ಲಿಯೂ ಸೋರಿಲ್ಲ, ತಣಿದಿದೆ, ಅಷ್ಟೆ.

ಎತ್ತರದ ಪ್ರಭಾವವೂ ಇದೆ. ಟಯರಿನೊಳಗಿನ ಗಾಳಿ ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಒತ್ತಡದಲ್ಲಿದೆ ಎಂಬುದನ್ನು ಗೇಜು ತೋರಿಸುತ್ತದೆ. ಸಮುದ್ರಮಟ್ಟದಿಂದ 3,000 ಅಡಿ ಏರಿದಾಗ ಹೊರಗಿನ ಒತ್ತಡ ಸುಮಾರು ಒಂದೂವರೆ ಪೌಂಡ್ ತಗ್ಗುವುದರಿಂದ ಗೇಜು ಅಷ್ಟು ಹೆಚ್ಚು ತೋರಿಸುತ್ತದೆ. ಮೇಲಿನ ಲೆಕ್ಕದಲ್ಲಿ ಇದೂ ಸೇರಿದೆ. ಇಲ್ಲದಿದ್ದರೆ ಇಳಿತ ಇನ್ನೂ ಹೆಚ್ಚಾಗುತ್ತಿತ್ತು. ಆದುದರಿಂದ ಗಾಡಿ ರಾತ್ರಿಯೆಲ್ಲ ನಿಂತಿರುವ ಜಾಗದಲ್ಲಿ, ಅಂದರೆ ನಮ್ಮ ಅಂಗಳದಲ್ಲಿ, ಬೆಳಿಗ್ಗೆ ಹೊರಡುವ ಮೊದಲು ಅಳೆದದ್ದೇ ಸರಿಯಾದ ಅಳತೆ.

ಪಾಲಿಸಬೇಕಾದ ಕ್ರಮಗಳು

1. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಚೀಟಿ ಅಂಟಿಸಿರುತ್ತದೆ. ನಿಮ್ಮ ಗಾಡಿಗೆ ಹಾಕಬೇಕಾದ ಒತ್ತಡ ಅದರಲ್ಲಿದೆ. ಟಯರಿನ ಮೈಮೇಲೆ 44 ಅಥವಾ 51 ಎಂದು ಅಚ್ಚಾಗಿರುವುದು ಟಯರು ತಡೆಯುವ ಗರಿಷ್ಠ ಮಿತಿ. ಅದನ್ನು ಹಾಕಬೇಕಾದ ಪ್ರಮಾಣವೆಂದು ತಿಳಿಯಬಾರದು.

2. ಒಂದು ಒಳ್ಳೆಯ ಗೇಜು ಮತ್ತು ಕಾರಿನ ಸಾಕೆಟ್ಟಿಗೆ ಚುಚ್ಚುವ ಸಣ್ಣ ಪಂಪು ಮನೆಯಲ್ಲಿರಲಿ. ಎರಡು ಮೂರು ಮನೆಯವರು ಕೂಡಿ ಕೊಂಡರೂ ಸರಿ.

3. ಹದಿನೈದು ದಿನಕ್ಕೊಮ್ಮೆ, ಮತ್ತು ದೂರ ಹೊರಡುವ ಮುನ್ನ, ಟಯರು ತಣ್ಣಗಿರುವಾಗ ಅಳೆಯಿರಿ. ಸೋರಿಕೆ ಇಲ್ಲದ ಟಯರೂ ತಿಂಗಳಿಗೆ ಸುಮಾರು 1 ಪೌಂಡ್ ಕಳೆದುಕೊಳ್ಳುತ್ತದೆ. ಸ್ಟೆಪ್ನಿ ಇದ್ದರೆ ಅದನ್ನೂ ನೋಡಿರಿ.

4. ಬಿಸಿ ಟಯರಿನಲ್ಲಿ ಒತ್ತಡ ಹೆಚ್ಚು ಕಂಡರೆ ಗಾಳಿ ಬಿಡಬೇಡಿ. ದಾರಿಯಲ್ಲಿ ತುಂಬಿಸಲೇಬೇಕಾದರೆ ಮೂರು ನಾಲ್ಕು ಪೌಂಡ್ ಹೆಚ್ಚಿಗೆ ಹಾಕಿಸಿ, ಮರುದಿನ ಬೆಳಿಗ್ಗೆ ಸರಿಪಡಿಸಿಕೊಳ್ಳಿ.

5. ಐದು ಜನ ಕೂತು, ಹಿಂದೆ 50 ಕಿಲೋದ ಕಾಫಿ ಚೀಲವನ್ನೋ ಅಡಿಕೆ ಮೂಟೆಯನ್ನೋ ಹಾಕುವುದಿದ್ದರೆ ಚೀಟಿಯಲ್ಲಿ ಪೂರ್ಣ ಹೊರೆಗೆ ಬೇರೆ ಅಂಕಿ ಇದೆಯೇ ನೋಡಿ, ಹಿಂದಿನ ಟಯರಿಗೆ ಅಷ್ಟು ಹಾಕಿ. ಹೊರೆಯ ಮಿತಿ ಮೀರಬೇಡಿ.

6. ಎಚ್ಚರಿಕೆಯ ದೀಪವಿದೆ ಎಂದು ಸುಮ್ಮನಿರಬೇಡಿ. ಒತ್ತಡ ಸಾಕಷ್ಟು ಇಳಿದ ಮೇಲೆಯೇ ಅದು ಹತ್ತುವುದು.

7. ನೈಟ್ರೋಜನ್ ಗಾಳಿಗೆ ಹಣ ಕೊಡಲೇಬೇಕೆಂದಿಲ್ಲ. ಸಾಧಾರಣ ಗಾಳಿಯಲ್ಲೇ ಶೇ. 78 ನೈಟ್ರೋಜನ್ ಇದೆ.

8. ಗೆರೆಯ ಆಳ 1.6 ಮಿ.ಮೀ.ಗೆ ಇಳಿದರೆ ಟಯರು ಬದಲಿಸತಕ್ಕದ್ದು. ನಮ್ಮ ಮಳೆಗೆ ಅದಕ್ಕೂ ಮೊದಲೇ ಬದಲಿಸುವುದು ಲೇಸು.

ಅಡಿಕೆಗೆ ಕೊಳೆರೋಗ ಬಾರದಂತೆ ಮಳೆಗಾಲದ ಆರಂಭದಲ್ಲಿ ಬೋರ್ಡೋ ಸಿಂಪಡಿಸುವ ನಮಗೆ ಅಳತೆಯ ಮಹತ್ವವನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ತುತ್ತ ಕಡಿಮೆಯಾದರೆ ರೋಗ ನಿಲ್ಲದು, ಮಿತಿಮೀರಿದರೆ ಎಳೆಯ ಕಾಯಿ ಸುಟ್ಟೀತು. ಟಯರಿನ ಗಾಳಿಯೂ ಹಾಗೆಯೇ. ತಿಂಗಳಿಗೆ ಎಪ್ಪತ್ತು ರೂಪಾಯಿ ಉಳಿಸಲು ಹೋಗಿ ಚಾರ್ಮಾಡಿಯ ತಿರುವಿನಲ್ಲಿ ಹಿಡಿತ ಕಳೆದುಕೊಳ್ಳುವುದು ಮಿತವ್ಯಯವಲ್ಲ. ಗಾಳಿಯನ್ನು ಮರೆತು ಎಂಬತ್ತು ರೂಪಾಯಿಯನ್ನೂ ಟಯರನ್ನೂ ಕಳೆದುಕೊಳ್ಳುವುದು ಜಾಣತನವಲ್ಲ.

ಈ ವರ್ಷ ಬೋರ್ಡೋ ಡ್ರಮ್ಮು ತೊಳೆದು ಅಣಿಮಾಡುವ ದಿನವೇ ಗಾಡಿಯ ನಾಲ್ಕೂ ಚಕ್ರದ ಹತ್ತಿರ ಐದು ನಿಮಿಷ ಕೂತು ಏಳಿ. ಮಳೆ ಹಿಡಿದ ಮೇಲೆ ಎರಡೂ ಕೆಲಸ ಮಾಡುವುದು ಕಷ್ಟ.