ಹಸಿ ಸುಳ್ಳು, ಕಟು ಸತ್ಯ

ಸುಳ್ಳು ಹಸಿಯಾಗಿರುತ್ತದೆ, ಸತ್ಯ ಕಟುವಾಗಿರುತ್ತದೆ. ಬಡವ ಕಡುಬಡವ, ಶ್ರೀಮಂತನಾದರೆ ಆಗರ್ಭ ಶ್ರೀಮಂತ. ‘ಕಡುಶ್ರೀಮಂತ’ ಎಂದರೆ ವ್ಯಾಕರಣವೇನೂ ಕೆಡುವುದಿಲ್ಲ, ಅರ್ಥವೂ ಆಗುತ್ತದೆ. ಆದರೂ ಕನ್ನಡದ ಕಿವಿ ಒಪ್ಪುವುದಿಲ್ಲ.

ಹೀಗೆ ಜೊತೆಬಿಡದ ಪದಗಳ ಒಡನಾಟವನ್ನು ಭಾಷಾವಿಜ್ಞಾನಿಗಳು ಕೊಲೊಕೇಶನ್ ಎನ್ನುತ್ತಾರೆ. ಲಂಡನ್ನಿನ ಜೆ.ಆರ್. ಫರ್ತ್ 1950ರ ದಶಕದಲ್ಲಿ ಇದಕ್ಕೆ ಶಾಸ್ತ್ರದಲ್ಲಿ ಜಾಗ ಕೊಟ್ಟರು. ಪದದ ಅರ್ಥದಲ್ಲಿ ಅದರ ಸಂಗಾತಿಗಳಿಗೂ ಪಾಲಿದೆ ಎಂಬುದು ಅವರ ವಾದ.

ಆದರೆ ಅಕ್ಕಪಕ್ಕ ಬಂದ ಪದಗಳೆಲ್ಲ ಸಂಗಾತಿಗಳಲ್ಲ. ‘ಆ ಮನೆ’ ಪದೇಪದೇ ಸಿಗುವುದು ‘ಆ’ ಎಲ್ಲೆಲ್ಲೂ ಇರುವುದರಿಂದ. ಇದನ್ನು ಬೇರ್ಪಡಿಸಲು ಒಂದು ಲೆಕ್ಕವಿದೆ. ಹತ್ತು ಲಕ್ಷ ಪದಗಳ ಬರಹದಲ್ಲಿ ಎರಡು ಪದಗಳು ತಲಾ 1000 ಸಲ ಬಂದಿವೆ ಎಂದುಕೊಳ್ಳಿ. ಬರಿಯ ಆಕಸ್ಮಿಕವಾದರೆ ಮೊದಲನೆಯದರ ಬೆನ್ನಿಗೇ ಎರಡನೆಯದು ಬರುವುದು ಸುಮಾರು ಒಂದು ಸಲ. ನಿಜವಾಗಿ 64 ಸಲ ಬಂದಿದ್ದರೆ ಅಲ್ಲೊಂದು ನಂಟಿದೆ. ಕೆನೆತ್ ಚರ್ಚ್ ಮತ್ತು ಪ್ಯಾಟ್ರಿಕ್ ಹ್ಯಾಂಕ್ಸ್ 1990ರಲ್ಲಿ ನಿಘಂಟುಕಾರರ ಮುಂದಿಟ್ಟ ಅಳತೆಯ ತಿರುಳು ಇದೇ. ಅಪರೂಪದ ಪದ ಒಂದೆರಡು ಸಲ ಕಂಡರೂ ಅಂಕ ಆಕಾಶಕ್ಕೇರುವುದು ಇದರ ದೋಷ.

ನನಗೆ ಇದಕ್ಕಿಂತ ದೊಡ್ಡದೆನಿಸುವುದು ಬರ್ಮಿಂಗ್‌ಹ್ಯಾಮ್‌ನ ಜಾನ್ ಸಿಂಕ್ಲೇರ್ ಕಂಡದ್ದು. ಕಂಪ್ಯೂಟರಿಗೆ ತುಂಬಿಸಿದ ಬರಹರಾಶಿಯಿಂದಲೇ 1987ರ ಕೋಬಿಲ್ಡ್ ನಿಘಂಟು ಕಟ್ಟಿಸಿದವರು ಅವರು. ಇಂಗ್ಲಿಷಿನ ‘ಸೆಟ್ ಇನ್’ ಎಂದರೆ ಶುರುವಾಗಿ ನೆಲೆಯೂರುವುದು, ಅಷ್ಟೆ. ಆದರೆ ಸಾಲುಗಳನ್ನು ಒಂದರಡಿ ಒಂದು ಜೋಡಿಸಿ ನೋಡಿದರೆ ಹಾಗೆ ನೆಲೆಯೂರುವುದು ಬಹುಪಾಲು ಕೊಳೆತ, ಸೋಂಕು, ಹತಾಶೆ. ಸಹವಾಸದಿಂದ ಪದಕ್ಕೇ ಕೇಡಿನ ಬಣ್ಣ ಹತ್ತಿದೆ.

ನಮ್ಮ ‘ಸಂಭವಿಸು’ ಹಾಗೆಯೇ. ಪತ್ರಿಕೆ ತೆರೆದರೆ ಅಪಘಾತ ಸಂಭವಿಸುತ್ತದೆ, ಅನಾಹುತ ಸಂಭವಿಸುತ್ತದೆ, ಭೂಕಂಪ ಸಂಭವಿಸುತ್ತದೆ. ಗ್ರಹಣವೂ ಸಂಭವಿಸುತ್ತದೆ. ಮದುವೆ ಸಂಭವಿಸಿತೆಂದು ಯಾರೂ ಬರೆಯುವುದಿಲ್ಲ. ಅದು ನಡೆಯುತ್ತದೆ, ನೆರವೇರುತ್ತದೆ. ಹಾಗೆಯೇ ಮೆಚ್ಚುಗೆಗೆ ‘ಪಾತ್ರ’ರಾದವರು ಟೀಕೆಗೆ ‘ಗುರಿ’ಯಾಗುತ್ತಾರೆ.

ನಾವು ಪದಕ್ಕೆ ಪದ ಪೋಣಿಸಿ ಮಾತಾಡುವುದು ಕಡಿಮೆ, ಅರ್ಧ ಸಿದ್ಧವಾದ ತುಣುಕುಗಳನ್ನೇ ಹೆಚ್ಚಾಗಿ ಎತ್ತಿಕೊಳ್ಳುತ್ತೇವೆ ಎಂದರು ಸಿಂಕ್ಲೇರ್. ಕನ್ನಡದಲ್ಲೇ ಬೆಳೆದವರಿಗೆ ಈ ತುಣುಕುಗಳು ಕೇಳಿಕೇಳಿ ಬಂದಿರುತ್ತವೆ. ಹೊಸದಾಗಿ ಕಲಿಯುವವರಿಗೆ ‘ಸಂಭವಿಸು: ಉಂಟಾಗು, ಆಗು’ ಎಂದಷ್ಟೇ ಹೇಳಿದರೆ ಸಾಲದು. ಅದರ ಪಕ್ಕದಲ್ಲೇ ಅಪಘಾತ, ಅನಾಹುತಗಳೂ ನಿಘಂಟಿನಲ್ಲಿ ಅಚ್ಚಾಗಬೇಕು.